ಚೆಂಡಿಗೆ ಹತ್ತಿದ ಅರಿಶಿನ

ಆ ಹುಡುಗ ನಮ್ಮ ಮನೆಗೆ ಬಂದದ್ದು ನನ್ನ ಮಗಳ ಕಿತಾಪತಿಯಿಂದ. ಅವಳಿಗೆ ಆಗ ಹದಿಮೂರು ವರ್ಷ. ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದಳು. ಬೇಸಿಗೆ ಬಂತೆಂದರೆ ಪಕ್ಕದೂರಿನ ಸ್ಟೇಡಿಯಮ್ಮಿಗೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋಗೆಂದು ಪ್ರಾಣ ತಿನ್ನುತ್ತಿದ್ದಳು. ಅಲ್ಲಿ ಆಡುವುದು ದೊಡ್ಡ ಲೀಗಿನ ತಂಡವಲ್ಲ, ಅದಕ್ಕಿಂತ ಒಂದೇ ಮೆಟ್ಟಿಲು ಕೆಳಗಿನದು. ಚೆನ್ನಾಗಿ ಆಡಿದವರನ್ನು ಡಲ್ಲಾಸ್ ಕಡೆಯ ದೊಡ್ಡ ತಂಡ ಮೇಲಕ್ಕೆ ಕರೆಸಿಕೊಳ್ಳುತ್ತದೆ, ಉಳಿದವರು ಕಾಯುತ್ತಾ ಕೂರುತ್ತಾರೆ. ಹೀಗೆ ಕಾಯುವ ಹುಡುಗರನ್ನು ಊರಿನ ಸಂಸಾರಸ್ಥರು ಒಂದು ಸೀಸನ್ ಮಟ್ಟಿಗೆ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿಯೊಂದಿದೆ. ಹೋಸ್ಟ್ ಫ್ಯಾಮಿಲಿ ಎನ್ನುತ್ತಾರೆ. ನನ್ನ ಮಗಳು ಆ ಫಾರ್ಮ್ ತುಂಬಿ, ಅಪ್ಪನ ಕೈಲಿ ಸಹಿ ಹಾಕಿಸಿ, ಕಳಿಸಿಯೂ ಆಗಿತ್ತು. ನನಗೆ ಹೇಳಿದ್ದು ಹುಡುಗ ಬರಲು ಮೂರು ದಿನ ಇರುವಾಗ.

"ಏನ್ರೀ, ಮನಿಗೆ ಒಬ್ಬಾಂವ ಬಂದು ಇರತಾನಂದ್ರ ನನಗ ಒಂದು ಮಾತು ಹೇಳಬೇಕಂತ ಅನಿಸ್ಲಿಲ್ಲೇನ್ರಿ?" ಎಂದು ಗಂಡನ ಮೇಲೆ ಹರಿಹಾಯ್ದೆ.

"ಹೇಳಿದ್ರೆ ನೀನು ಬೇಡ ಅಂತಿದ್ದೆ ಕಣೇ. ಅದಕ್ಕೇ ಹೇಳ್ಲಿಲ್ಲ" ಎಂದು ನಕ್ಕರು.

ನಾನು ಹುಬ್ಬಳ್ಳಿಯವಳು, ಅವರು ಮೈಸೂರಿನವರು. ನಾನು ಕೂಗಾಡುತ್ತೇನೆ, ಅವರು ನಗುತ್ತಾರೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ನಗುವಿನಷ್ಟು ನನಗೆ ಸಿಟ್ಟು ತರಿಸಿದ್ದು ಬೇರೊಂದಿಲ್ಲ. ಹೇಳುವುದಕ್ಕೇನು, ಸೋಮವಾರ ಬೆಳಗಾದರೆ ಟೆಕ್ಸಾಸಿನ ನಮ್ಮೂರು ಫ್ಲೂಗರ್‌ವಿಲ್‌ನಿಂದ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನ ಆಫೀಸಿಗೆ ಹೋದವರು ತಿರುಗಿ ಬರುವುದು ಗುರುವಾರ ಸಂಜೆ. ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಾ, ಆ ಅಪರಿಚಿತನಿಗೆ ಮೂರು ಹೊತ್ತು ಬೇಯಿಸಿ ಹಾಕುವವಳು ನಾನು.

ಹುಡುಗ ಬಂದ. ಬಾಗಿಲಿಗೆ ಕಟ್ಟಿದ್ದ ತೋರಣ ಅವನ ಹಣೆಗೆ ಬಡಿಯಿತು, ಅಷ್ಟು ಎತ್ತರ. ವಯಸ್ಸು ಇಪ್ಪತ್ತೆರಡು. ನೆಬ್ರಾಸ್ಕಾದ ಒಂದು ಸಣ್ಣ ಊರು, ತಾಯಿ ಸ್ಕೂಲ್ ಬಸ್ ಓಡಿಸುತ್ತಾಳೆ ಎಂದ. ಅವನ ಹೆಸರು ಇಲ್ಲಿ ಬೇಡ. ಅವನಾಡಿದ್ದೆಲ್ಲ ಇಂಗ್ಲಿಷು, ಆದರೆ ನನಗೆ ನೆನಪಿರುವುದು ನನ್ನ ಕನ್ನಡದಲ್ಲೇ, ಹಾಗೇ ಬರೆಯುತ್ತೇನೆ. ಮಾತು ಮಾತಿಗೂ 'ಮ್ಯಾಮ್, ಮ್ಯಾಮ್' ಎನ್ನುತ್ತಿದ್ದವನಿಗೆ ಎರಡನೇ ದಿನವೇ ಹೇಳಿದೆ, ನಾನೇನು ನಿನ್ನ ಟೀಚರಲ್ಲ, ಆಂಟಿ ಅನ್ನು ಎಂದು. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಹೊರಗೆ ಏನು ಬೇಕಾದರೂ ತಿನ್ನು ಎಂದೂ ಹೇಳಿದೆ. "ಸ್ಟೇಡಿಯಮ್ಮಿನಲ್ಲಿ ದಿನಾ ಅದೇ ಇರುತ್ತೆ ಆಂಟಿ" ಎಂದು ಬದನೆಕಾಯಿ ಎಣ್ಣೆಗಾಯಿಗೆ ಕೈ ಹಾಕಿದ. ನಾಲ್ಕು ಜೋಳದ ರೊಟ್ಟಿ ತಿಂದ. ಐದನೆಯದು ಹಾಕಲು ಹೋದರೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿದಿತ್ತು. ಉಳಿದರ್ಧ ಇಳಿದದ್ದು ಅವನು ತಾನೇ ಎದ್ದು ತಟ್ಟೆ ತೊಳೆದಿಟ್ಟಾಗ. ಅದನ್ನು ನೋಡಿ ಮಗಳ ಕಡೆ ಒಂದು ಸಲ ಕಣ್ಣು ಬಿಟ್ಟೆ.

"ವಾಟ್?" ಎಂದಳು ಅವಳು.

ಹುಡುಗ ಪಿಚರ್, ಅಂದರೆ ಚೆಂಡು ಎಸೆಯುವವನು. "ರಣಜಿ ಆಡ್ತಿರೋ ಫಾಸ್ಟ್ ಬೌಲರ್ ಅಂದ್ಕೋ, ಇನ್ನೇನು ಟೆಸ್ಟ್ ಟೀಮಿಗೆ ಒಂದೇ ಹೆಜ್ಜೆ" ಎಂದು ಗಂಡ ನನಗೆ ತಿಳಿಯುವ ಹಾಗೆ ಹೇಳಿದರು. "ಪೇಪರಲ್ಲೆಲ್ಲ ಬರೀತಿದಾರೆ ಇವನ ಬಗ್ಗೆ. ಆದ್ರೆ ಈ ವರ್ಷ ಕರೀದಿದ್ರೆ ಕಷ್ಟ ಕಣೇ. ಹಿಂದಿನಿಂದ ಹೊಸಬರು ಬರ್ತಾನೇ ಇರ್ತಾರೆ." ಅಂದಿನಿಂದ ನನಗೂ ಅದೇ ಜಪ, ಈ ಹುಡುಗನಿಗೆ ಡಲ್ಲಾಸಿನಿಂದ ಕರೆ ಬರಬೇಕು.

ಪಿಚರ್ ದಿನಾ ಆಡುವುದಿಲ್ಲ, ಐದು ದಿನಕ್ಕೊಮ್ಮೆ ಅವನ ಸರದಿ. ಆ ಐದು ದಿನಗಳ ಲೆಕ್ಕದಲ್ಲೇ ನಮ್ಮ ಮನೆಯ ವಾರ ನಡೆಯತೊಡಗಿತು. ಆಡಿದ ಮರುದಿನ ಭುಜಕ್ಕೆ ಐಸ್ ಕಟ್ಟಿಕೊಂಡು ಸೋಫಾದ ಮೇಲೆ ಬಿದ್ದಿರುವನು. ಮೂರನೆಯ ದಿನಕ್ಕೆ ಹಿತ್ತಲಿನಲ್ಲಿ ನನ್ನ ಮೆಂತ್ಯದ ಪಾತಿಗೆ ನೀರು ಹಾಕುವನು. ಐದನೆಯ ದಿನ ಅವನ ಜೊತೆ ಯಾರೂ ಮಾತಾಡಬಾರದು. ಅದು ಪಿಚರ್‌ಗಳ ರಿವಾಜಂತೆ. ಮಗಳು ತನ್ನ ಬಾಯಿಗೆ ಬೆರಳಿಟ್ಟು ನನಗೆ ತೋರಿಸುವಳು. ಮಾತಾಡದೆ ಒಬ್ಬರಿಗೆ ಉಪ್ಪಿಟ್ಟು ಬಡಿಸುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಬಲಗೈಯನ್ನು ಅವನು ಬಹಳ ಜೋಪಾನ ಮಾಡುತ್ತಿದ್ದ. ಕಾರಿನ ಬಾಗಿಲು ಮುಚ್ಚುವುದು, ಕಸದ ಡಬ್ಬ ಎಳೆಯುವುದು, ಬಿಸಿ ಲೋಟ ಹಿಡಿಯುವುದು ಎಲ್ಲ ಎಡಗೈಯಲ್ಲೇ.

ಆ ಬೇಸಿಗೆ ನಾನು ಸುಖವಾಗಿದ್ದೆ. ಮನೆಯಲ್ಲಿ ಊಟ ಮಾಡುವವರು ಹೆಚ್ಚಾದರೆ ನನಗೆ ಹಾಗೆ. ವಾರದ ನಡುವೆ ಮಗಳೂ ನಾನೂ ಇಬ್ಬರೇ ಇರುವಾಗ ಅವಳು ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಉಣ್ಣುವವಳು. ಈ ಹುಡುಗ ಬಂದ ಮೇಲೆ ಇಬ್ಬರೂ ಉಪ್ಪಿನಡಬ್ಬಿ, ಚಮಚ ಜೋಡಿಸಿ ಆಟದ ವಿಷಯ ಜಗಳವಾಡುತ್ತಿದ್ದರು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಟೇಬಲ್ಲಿನಿಂದ ಏಳಲು ಮನಸ್ಸಾಗುತ್ತಿರಲಿಲ್ಲ.

ಜುಲೈ ತಿಂಗಳಲ್ಲಿ ದೊಡ್ಡ ತಂಡದ ಇಬ್ಬರು ಪಿಚರ್‌ಗಳಿಗೆ ಗಾಯವಾಯಿತು. ಒಬ್ಬನನ್ನು ಕೂಡಲೇ ಕೆಳಗಿನಿಂದ ಕರೆಸಬೇಕು. ಬುಧವಾರ ಮಧ್ಯಾಹ್ನದ ಆಟಕ್ಕೆ ನಮ್ಮ ಹುಡುಗನನ್ನು ನೋಡಲೆಂದೇ ಡಲ್ಲಾಸಿನಿಂದ ಒಬ್ಬ ದೊಡ್ಡ ಮನುಷ್ಯ ಬರುತ್ತಾನೆಂದು ಸುದ್ದಿಯಾಯಿತು. ಸೋಮವಾರ ಸಂಜೆ ಪ್ರಾಕ್ಟೀಸಿನಿಂದ ಬಂದ ಹುಡುಗ ಅಡುಗೆಮನೆಯ ದೀಪದ ಕೆಳಗೆ ನಿಂತು ಬಲಗೈಯ ನಡುಬೆರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಚೆಂಡಿನ ಹೊಲಿಗೆ ಉಜ್ಜಿ ಉಜ್ಜಿ ಬೆರಳ ತುದಿಯಲ್ಲಿ ನೀರುಗುಳ್ಳೆಯೆದ್ದು ಒಡೆದಿತ್ತು.

"ಟ್ರೇನರ್ ಏನಂದ?" ಎಂದು ಕೇಳಿದೆ.

"ಗಾಳಿಗೆ ಒಣಗಲಿ ಬಿಡು, ಬುಧವಾರ ನೋಡೋಣ ಅಂದ. ಒಣಗದಿದ್ದರೆ ಬೇರೆಯವನು ಆಡುತ್ತಾನೆ."

ಬೇರೆಯವನು ಆಡುವುದೆಂದರೇನು! ನಮ್ಮಲ್ಲಿ ಕೈ ಕುಯ್ದುಕೊಂಡರೂ ಅರಿಶಿನ, ಕಾಲು ಒಡೆದರೂ ಅರಿಶಿನ, ಗಂಟಲು ಕೆಟ್ಟರೂ ಅರಿಶಿನ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಒಂದು ಚಮಚ ಅರಿಶಿನ ಕಲಸಿ, ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಗಾಯಕ್ಕೆ ಊದುತ್ತಾ ಊದುತ್ತಾ ಹಚ್ಚಿದೆ. ಮಂಗಳವಾರ ಎರಡು ಸಲ ಹಚ್ಚಿದೆ. ಉರಿ ಕಡಿಮೆಯಾಯಿತು, ಚರ್ಮ ಕೂಡಿತು. ಬುಧವಾರ ಅವನು ಹೊರಡುವ ಮುಂಚೆ, ಮಾತಾಡಬಾರದ ದಿನವಾದ್ದರಿಂದ ಬಾಯಿ ಮುಚ್ಚಿಕೊಂಡೇ, ಉಗುರಿನ ಸಂದಿಗೂ ಇಳಿಯುವ ಹಾಗೆ ಇನ್ನೊಂದು ಸಲ ಒತ್ತಿ ಹಚ್ಚಿದೆ. ಅವನು ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ.

ಮಗಳನ್ನು ಕರೆದುಕೊಂಡು ಆಟಕ್ಕೆ ಹೋದೆ. ಸುಡುಬಿಸಿಲು. ಬೇಸ್‌ಬಾಲಿನಲ್ಲಿ ಒಂದು ಆಟಕ್ಕೆ ಒಂಬತ್ತು ಇನ್ನಿಂಗ್ಸ್, ಮೊದಲ ಎರಡರಲ್ಲಿ ಅವನ ಚೆಂಡನ್ನು ಯಾರೂ ಮುಟ್ಟಲಿಲ್ಲ. ಡಲ್ಲಾಸಿನ ಮನುಷ್ಯ ಬ್ಯಾಟಿನವನ ಹಿಂದಿನ ಸಾಲಿನಲ್ಲಿ ವೇಗ ಅಳೆಯುವ ಗನ್ ಹಿಡಿದು ಕೂತಿದ್ದ. ಮಗಳು ನನ್ನ ತೋಳು ಹಿಚುಕುತ್ತಿದ್ದಳು. ಮೂರನೆಯ ಇನ್ನಿಂಗ್ಸಿನಲ್ಲಿ ಎದುರು ತಂಡದ ಮ್ಯಾನೇಜರ್ ಎದ್ದು ಬಂದು ಅಂಪೈರ್ ಕಿವಿಯಲ್ಲಿ ಏನೋ ಹೇಳಿದ. ಅಂಪೈರ್ ಚೆಂಡು ತರಿಸಿ ನೋಡಿದ. ಹುಡುಗನ ಹತ್ತಿರ ನಡೆದುಹೋಗಿ ಅವನ ಬಲಗೈ ಹಿಡಿದು, ಬೆರಳನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿ, ಆ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದ. ಆಮೇಲೆ ತೋಳು ಬೀಸಿ ಹೊರಗೆ ಹೋಗೆಂದು ತೋರಿಸಿದ.

"ಯಾಕ? ಯಾಕ ಹೊರಗ ಹಾಕಿದ್ರು?"

"ಹಿ ಹ್ಯಾಡ್ ಸಮ್‌ಥಿಂಗ್ ಆನ್ ಹಿಸ್ ಫಿಂಗರ್! ದೇ ಥಿಂಕ್ ಹಿ ಈಸ್ ಚೀಟಿಂಗ್!" ಮಗಳ ದನಿ ಅಳುವಿಗೆ ತಿರುಗಿತ್ತು. ಎಸೆಯುವವನ ಕೈಯಲ್ಲಿ ಎಣ್ಣೆ, ಮೇಣ, ಅಂಟು ಏನೂ ಇರಕೂಡದು, ಇದ್ದರೆ ಚೆಂಡು ಅಡ್ಡಾದಿಡ್ಡಿ ತಿರುಗುತ್ತದೆ, ಅದು ಮೋಸ ಎಂದು ಅವಳು ಹೇಳಿದ್ದು ಅರ್ಥವಾಗುವಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು.

"ಅರಿಶಿಣರೀ ಅದು! ಬರೇ ಅರಿಶಿಣ! ನಾನಽ ಹಚ್ಚೇನಿ!" ಎಂದು ಅಂಪೈರಿಗೆ ಕನ್ನಡದಲ್ಲಿ ಕಿರುಚಿದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷು ಬರುವುದಿಲ್ಲ.

"ಅಮ್ಮಾ, ಪ್ಲೀಸ್, ಸಿಟ್ ಡೌನ್!"

ಸುತ್ತಲಿನವರು ನಾನೂ ಅಂಪೈರನ್ನೇ ಬೈಯುತ್ತಿದ್ದೇನೆಂದು ತಿಳಿದು ಚಪ್ಪಾಳೆ ತಟ್ಟಿದರು. ಹುಡುಗ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಗನ್ ಹಿಡಿದಿದ್ದ ಮನುಷ್ಯ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡ.

ಕಾರಿನಲ್ಲಿ ಕೂತು ಫಾರ್ಮರ್ಸ್ ಬ್ರಾಂಚಿಗೆ ಫೋನ್ ಹಚ್ಚಿದೆ.

"ಅಯ್ಯೋ ಮಹರಾಯ್ತಿ! ಕ್ರಿಕೆಟ್ಟಲ್ಲೂ ಬೌಲರ್ ಬೆರಳಿಗೆ ಏನೂ ಹಚ್ಕೊಳ್ಳೋ ಹಂಗಿಲ್ಲ ಕಣೇ!" ಎಂದರು ಗಂಡ.

"ಅದನ್ನ ಮದ್ಲಽ ಹೇಳಬೇಕಿಲ್ಲೇನ್ರಿ?"

"ನೀನೆಲ್ಲಿ ಕೇಳ್ದೆ?"

ಹೌದು, ಕೇಳಿರಲಿಲ್ಲ. ಅರಿಶಿನ ಹಚ್ಚಲು ಯಾರನ್ನು ಕೇಳಬೇಕು ಎಂಬ ಧಿಮಾಕು ನನ್ನದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹುಡುಗ ಮನೆಗೆ ಬಂದಾಗ ಬೆರಳು ಕೆಂಪಗಾಗಿತ್ತು, ಅಷ್ಟು ತಿಕ್ಕಿ ತೊಳೆದಿದ್ದ. ಆಟಕ್ಕೆ ಮುಂಚೆಯೂ ನಾಲ್ಕು ಸಲ ತೊಳೆದಿದ್ದನಂತೆ. ಬಣ್ಣ ಮಾತ್ರ ಉಳಿದಿದೆ ಎಂದುಕೊಂಡಿದ್ದಾನೆ, ಉಗುರಿನೊಳಗಿನ ಎಣ್ಣೆ ಬಿಸಿಲಿಗೆ, ಬೆವರಿಗೆ ಇಳಿದು ಬಂದಿದೆ. "ನಿಯಮ ಗೊತ್ತಿತ್ತಲ್ಲೋ, ಬ್ಯಾಡ ಅನ್ನಬೇಕಿಲ್ಲೇನು?" ಎಂದು ಅವನನ್ನೇ ಬೈದೆ. ಅಷ್ಟು ಸಂಕಟವಾಗಿತ್ತು ನನಗೆ. "ನೀವು ಊದುತ್ತಾ ಹಚ್ಚಿದಿರಿ ಆಂಟಿ. ಬೇಡ ಅನ್ನಲು ಆಗಲಿಲ್ಲ" ಎಂದ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹತ್ತು ದಿನ ಆಡುವಂತಿಲ್ಲವೆಂದು ಶಿಕ್ಷೆಯಾಯಿತು. ಶುಕ್ರವಾರ ಅದೇ ತಂಡದ ಇನ್ನೊಬ್ಬ ಪಿಚರ್ ಡಲ್ಲಾಸಿಗೆ ಹೋದ. ಅವನ ಸಾಮಾನು ಕಾರಿಗೆ ಏರಿಸಲು ನಮ್ಮ ಹುಡುಗನೇ ಹೋಗಿ ಸಹಾಯ ಮಾಡಿ ಬಂದ.

ನನಗೆ ತಡೆಯಲಾಗಲಿಲ್ಲ. ಅಂದು ಮಧ್ಯಾಹ್ನವೇ ಅರಿಶಿನದ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಸ್ಟೇಡಿಯಮ್ಮಿಗೆ ಹೋಗಿ ಹುಡುಗನ ತಂಡದ ಮ್ಯಾನೇಜರನ್ನು ಕಾಣಬೇಕೆಂದೆ. ಆತ ದಪ್ಪ ಹೊಟ್ಟೆಯ, ಬಿಳಿ ಮೀಸೆಯ ಮುದುಕ. ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ಲೋಟಕ್ಕೆ ಉಗುಳುತ್ತಾ ಕೂತಿದ್ದ. ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಅವನ ತೋರುಬೆರಳನ್ನೇ ಹಿಡಿದೆಳೆದು ಚಿಟಿಕೆ ಅರಿಶಿನ ಉಜ್ಜಿದೆ. "ಇದು ಔಷಧಿ. ಮೋಸವಲ್ಲ. ಹಚ್ಚಿದವಳು ನಾನು, ಅವನಲ್ಲ. ಶಿಕ್ಷೆ ಕೊಡುವುದಾದರೆ ನನಗೆ ಕೊಡು" ಎಂದೆ. ಈ ಸಲ ಇಂಗ್ಲಿಷ್ ಬಂತು.

ಮುದುಕ ಹಳದಿಯಾದ ಬೆರಳನ್ನು ಪ್ಯಾಂಟಿಗೆ ಉಜ್ಜಿ ನೋಡಿದ. "ಅವನನ್ನು ಮೂರು ಸಲ ಕೇಳಿದೆ, ಯಾರು ಹಚ್ಚಿದ್ದು ಅಂತ" ಎಂದ. "ಅಂಗಡಿಯಿಂದ ತಂದು ನಾನೇ ಹಚ್ಚಿಕೊಂಡೆ ಅಂದ. ಆಟಗಾರನ ಕೈಗೆ ಮನೆಯವರು ಔಷಧಿ ಹಚ್ಚಿದರೆಂದು ಗೊತ್ತಾದರೆ ಅವನನ್ನು ಆ ಮನೆಯಿಂದ ಬೇರೆ ಕಡೆ ಹಾಕುತ್ತೇವೆ. ಅದು ಅವನಿಗೆ ಗೊತ್ತು. ನೀನು ಹಚ್ಚಿದೆ ಅಂದಿದ್ದರೆ ಶಿಕ್ಷೆ ಅರ್ಧವಾದರೂ ಇಳಿಯುತ್ತಿತ್ತು. ಅದೂ ಅವನಿಗೆ ಗೊತ್ತು."

ಮುದುಕ ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ತಳ್ಳಿದ. "ನೀನು ಇಲ್ಲಿಗೆ ಬರಲೇ ಇಲ್ಲ, ನಾನೇನೂ ಕೇಳಲಿಲ್ಲ, ಮನೆಗೆ ಹೋಗು. ಅಂದಹಾಗೆ, ಈ ಬಣ್ಣ ಯಾವಾಗ ಹೋಗುತ್ತೆ?"

"ಮೂರು ದಿನ ಬೇಕು."

"ಹೆಂಡತಿಗೆ ಏನು ಹೇಳಲಿ ನಾನು!" ಎಂದ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ದೊಡ್ಡ ಲೀಗಿನ ಬಾಗಿಲು ತೆರೆದಿತ್ತು. ಒಂದು ಮಾತಿನಲ್ಲಿ ನನ್ನ ತಲೆಗೆ ಕಟ್ಟಬಹುದಿತ್ತು, ಕಟ್ಟಿದ್ದರೆ ನಿಜವನ್ನೇ ಹೇಳಿದಂತಾಗುತ್ತಿತ್ತು. ಈ ಪೆದ್ದ ನಮ್ಮ ಮನೆಯ ಕೋಣೆಯನ್ನು ಉಳಿಸಿಕೊಂಡ. ಅವತ್ತೇ ಆಣೆ ಮಾಡಿದೆ, ಇನ್ನು ಮೇಲೆ ಅವನಿಗೆ ಊಟ ಬಿಟ್ಟರೆ ಏನೂ ಮಾಡಕೂಡದು. ಔಷಧಿಯಿಲ್ಲ, ದೃಷ್ಟಿ ತೆಗೆಯುವುದಿಲ್ಲ, ತಲೆ ನೇವರಿಸುವುದೂ ಇಲ್ಲ. ಆ ಹತ್ತು ದಿನ ಬೇಳೆಗೂ ಅರಿಶಿನ ಹಾಕಲಿಲ್ಲ.

"ಏನೇ ಇದು, ಆಸ್ಪತ್ರೆ ಸಾರು?" ಎಂದರು ಗಂಡ, ತಟ್ಟೆ ನೋಡಿ.

"ಸುಮ್ನ ಉಣ್ರಿ."

ಹುಡುಗನಿಗೆ ನನ್ನ ಆಣೆಯ ಸುದ್ದಿಯಿಲ್ಲ, ನಾನು ಮ್ಯಾನೇಜರನ್ನು ಕಂಡ ಸುದ್ದಿಯೂ ಇಲ್ಲ. ಅವನು ಮಗಳನ್ನು ಸಾಫ್ಟ್‌ಬಾಲ್ ಕ್ಲಾಸಿಗೆ ಬಿಟ್ಟು ಬರುತ್ತಿದ್ದ, ಮೆಂತ್ಯಕ್ಕೆ ನೀರು ಹಾಕುತ್ತಿದ್ದ, ನಾನು ದೂರ ದೂರ ಇರುವುದನ್ನು ನೋಡಿ ಒಂದೆರಡು ಸಲ "ಹುಷಾರಾಗಿದ್ದೀರಾ ಆಂಟಿ?" ಎಂದು ಕೇಳಿದ. ಬೆರಳು ತಾನಾಗೇ ವಾಸಿಯಾಯಿತು. ಆಗಸ್ಟಿನಲ್ಲಿ ಅವನು ಎಸೆಯುವುದನ್ನು ನೋಡಲು ಜನ ಸೇರತೊಡಗಿದರು. ನಾನು ಪ್ರತಿ ಆಟಕ್ಕೂ ಹೋದೆ. ಅಂಪೈರ್ ಚೆಂಡು ಕೈಗೆ ತೆಗೆದುಕೊಂಡಾಗೆಲ್ಲ ನಾನು ಮಗಳ ತೋಳು ಹಿಚುಕುತ್ತಿದ್ದೆ.

ಸೆಪ್ಟೆಂಬರ್ ಬಂದರೆ ದೊಡ್ಡ ತಂಡಗಳು ಕೆಳಗಿನಿಂದ ಕೆಲವರನ್ನು ಕರೆಸಿಕೊಳ್ಳುತ್ತವೆ. ಮೊದಲ ವಾರ ಫೋನ್ ಬರಲಿಲ್ಲ. ಹುಡುಗ ಏನೂ ಆಗದವನಂತೆ ಓಡಾಡಿದ, ಆದರೆ ಎರಡೇ ರೊಟ್ಟಿಗೆ ಕೈ ತೊಳೆಯುತ್ತಿದ್ದ. ಎರಡನೆಯ ವಾರ, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ನಾನು ದೋಸೆ ಹುಯ್ಯುತ್ತಿದ್ದಾಗ ಮಹಡಿಯ ಮೇಲಿನಿಂದ ದಡದಡ ಇಳಿದು ಬಂದ. ಫೋನನ್ನು ನನ್ನ ಮಗಳ ಕೈಗೆ ಕೊಟ್ಟ. ಅವಳು ಓದಿ ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ದೊಡ್ಡ ತಂಡ ಆಗ ಹ್ಯೂಸ್ಟನ್ನಿನಲ್ಲಿ ಆಡುತ್ತಿತ್ತು, ಮಧ್ಯಾಹ್ನದೊಳಗೆ ಅಲ್ಲಿಗೆ ಬಂದು ಸೇರಿಕೋ ಎಂದಿದ್ದರು. ಮೂರು ಗಂಟೆಯ ದಾರಿ.

"ನಾನೇ ಬಿಡ್ತೀನಿ" ಎಂದು ಗಂಡ ಲುಂಗಿಯಲ್ಲೇ ಕಾರಿನ ಕೀ ಹಿಡಿದರು. ಪ್ಯಾಂಟು ಹಾಕಿಸಬೇಕಾಯಿತು.

ಅರ್ಧ ಗಂಟೆಯಲ್ಲಿ ಸಾಮಾನು ಕಾರಿಗೇರಿತು. ಹುಡುಗ ತಾಯಿಗೆ ಫೋನ್ ಮಾಡಿ ಅತ್ತ, ಮಗಳನ್ನು ಎತ್ತಿ ತಿರುಗಿಸಿದ. ನಾನು ಅಡುಗೆಮನೆಯ ಕಟ್ಟೆಗೆ ಒರಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. "ಹೋಗಿ ಬಾಪ್ಪಾ, ಛಲೋ ಆಗ್ಲಿ" ಎಂದೆ. ಕಾರಿನಲ್ಲಿ ಗಂಡ ಹಾರನ್ ಹೊಡೆದರು. ಹುಡುಗ ಬಾಗಿಲ ತನಕ ಹೋದವನು ತಿರುಗಿ ಬಂದು ನನ್ನ ಮುಂದೆ ನಿಂತ.

"ಇವಳಿಗೆ ಪರೀಕ್ಷೆ ಇದ್ದಾಗ ಅಂಗೈಗೆ ಏನೋ ಹಾಕಿ ಕಳಿಸುತ್ತೀರಲ್ಲ. ಅದು ನನಗಿಲ್ವಾ?"

ಮೊಸರು ಸಕ್ಕರೆ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ನಮ್ಮ ಮನೆಯಲ್ಲಿ ಕೊಡುವುದು.

"ನಿನಗ ನಾ ಏನೂ ಮಾಡಂಗಿಲ್ಲಪ್ಪಾ. ಒಮ್ಮೆ ಮಾಡಿದ್ದಽ ಸಾಕಾಗೇದ" ಎಂದು ಕನ್ನಡದಲ್ಲೇ ಅಂದೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

"ಹಾಗಾದರೆ ನಾನು ಹೋಗುವುದಿಲ್ಲ" ಎಂದು ಆ ಎತ್ತರದ ಹುಡುಗ ಊಟದ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. ಹೊರಗೆ ಹಾರನ್ ಮೇಲೆ ಹಾರನ್.

ಫ್ರಿಜ್ ತೆಗೆದೆ. ಬಟ್ಟಲಿಗೆ ಮೊಸರು, ಸಕ್ಕರೆ ಹಾಕಿ ಚಮಚ ಇಟ್ಟು ಕೊಟ್ಟೆ. ಅವನು ಚಮಚ ಪಕ್ಕಕ್ಕಿಟ್ಟು ಬಲಗೈಯನ್ನೇ ಚಾಚಿದ. ಎಡಗೈ ಕೊಡೋ ಎಂದು ಬಾಯಿಗೆ ಬಂತು, ಒಳ್ಳೆಯದಕ್ಕೆ ಹೊರಟವನಿಗೆ ಎಡಗೈಗೆ ಹೇಗೆ ಹಾಕುವುದು? ಹಾಕಿದೆ. ಅವನು ಮಗುವಿನ ಹಾಗೆ ಅಂಗೈ ನೆಕ್ಕಿದ. ಆಮೇಲೆ ನನಗೆ ಎಲ್ಲಿತ್ತೋ ಭಯ, ಅವನನ್ನು ಸಿಂಕಿನ ಹತ್ತಿರ ಎಳೆದುಕೊಂಡು ಹೋಗಿ, ನಲ್ಲಿ ಬಿಟ್ಟು, ಸೋಪು ಹಚ್ಚಿ, ಆ ಕೈಯನ್ನು ನಾನೇ ತೊಳೆದೆ. ಒಂದೊಂದೇ ಬೆರಳು ಬಿಡಿಸಿ, ಉಗುರಿನ ಸಂದಿ ತಿಕ್ಕಿ, ಎರಡು ಸಲ. ಅವನು ಸುಮ್ಮನೆ ಕೈ ಕೊಟ್ಟು ನಿಂತಿದ್ದ. ನೀರು ನಿಲ್ಲಿಸಿ ನನ್ನ ಸೆರಗಿನಿಂದ ಒರೆಸಿದೆ. ಬಿಡಿ ಅಂದಿದ್ದರೂ ಆ ಕೈ ಬಿಡಲು ನನಗೆ ಮನಸ್ಸಾಗುತ್ತಿರಲಿಲ್ಲ, ಬಿಡಿ ಎಂದು ಅವನೂ ಹೇಳಲಿಲ್ಲ.